ಚಾವಿ ಕೊಟ್ಟು ಸೈಕಲ್ ಹತ್ತಿ

ಕೊಪ್ಪಳದ ಒಂದು ಬ್ಯಾಂಕಿನಲ್ಲಿ ನಾನು ಕ್ಯಾಷಿಯರ್. ವಯಸ್ಸು 44. ಮನೆಯಲ್ಲಿ ಅತ್ತೆ, ನಮ್ಮನೆಯವರು, ಪಿಯುಸಿ ಓದುವ ಮಗಳು. ಒಂಬತ್ತು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ಸೈಕಲ್ ಮೇಲೆ ಊರೂರು ಸುತ್ತುತ್ತೇನೆ. "ನೌಕರಿ ಇಟ್ಕೊಂಡು ಹೆಂಗ್ರೀ ಮೇಡಂ?" ಅಂತ ಕೌಂಟರಿನಲ್ಲೇ ಕೇಳುವವರು ಜಾಸ್ತಿ ಆಗಿದ್ದಾರೆ. ಹಿಂದೆ ಸಾಲು ನಿಂತಿರುವಾಗ ಹೇಳೋಕಾಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು. ಸ್ಟ್ರಾಂಗ್‌ರೂಮಿಗೆ ಎರಡು ಚಾವಿ. ಒಂದು ನನ್ನ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಎರಡೂ ಸೇರದೆ ಬಾಗಿಲು ತೆಗೆಯಲ್ಲ. ಶುರುವಿನ ವರ್ಷ ಒಂದು ಭಾನುವಾರ ಕುಕನೂರಿನಲ್ಲಿ ಗೆಳತಿ ಮನೆಯಲ್ಲಿ ಉಳಿದೆ. ಸೋಮವಾರ ನಸುಕಿನಲ್ಲಿ ಬಿಟ್ಟರೆ ಎಂಟಕ್ಕೆ ಕೊಪ್ಪಳ ಅನ್ನೋದು ಲೆಕ್ಕ. ದಾರಿಯಲ್ಲಿ ಎರಡು ಪಂಚರ್. ಮೊದಲನೆಯದನ್ನು ಹಚ್ಚಿದೆ. ಎರಡನೆಯದಕ್ಕೆ ನೋಡಿದರೆ ಸಲ್ಯೂಷನ್, ಅಂದರೆ ಪ್ಯಾಚ್ ಹಚ್ಚುವ ಅಂಟು, ಒಣಗಿಹೋಗಿದೆ. ಕೊನೆಗೆ ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕಿಸಿಕೊಂಡು ಹತ್ತೂವರೆ ಮೀರಿ ಬ್ಯಾಂಕಿನ ಮುಂದೆ ಇಳಿದೆ. ಚಾವಿ ನನ್ನ ಚೀಲದಲ್ಲಿ, ಬುತ್ತಿಯ ಕೆಳಗಿತ್ತು. ಮ್ಯಾನೇಜರ್ ಏನೂ ಅನ್ನಲಿಲ್ಲ. ಪಿಂಚಣಿಗೆ ಬಂದಿದ್ದ ಒಬ್ಬ ಅಜ್ಜ ಮಾತ್ರ, "ಯಾಕವ್ವಾ, ಸೈಕಲ್ ಕೆಟ್ಟಿತ್ತೇನು?" ಅಂದರು. ಬೈದಿದ್ದರೆ ವಾಸಿ ಇತ್ತು.

ಅವತ್ತಿನಿಂದ ಎರಡು ನಿಯಮ. ಊರು ಬಿಟ್ಟು ಉಳಿಯುವುದಾದರೆ ಚಾವಿಯನ್ನು ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿಸಿ ಇನ್ನೊಬ್ಬರಿಗೆ ಒಪ್ಪಿಸಿಯೇ ಹೊರಡೋದು. ಭಾನುವಾರ ಸಂಜೆ ಐದರೊಳಗೆ ಮನೆ ಸೇರೋದು. ನಿಮ್ಮ ಕೆಲಸದಲ್ಲೂ ಇಂಥದ್ದೊಂದು ಚಾವಿ ಇರುತ್ತದೆ. ಶಾಲೆಯಲ್ಲಿ ಬಿಸಿಯೂಟದ ಉಗ್ರಾಣವೋ, ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯೋ. ನೀವಿಲ್ಲದಿದ್ದರೆ ಯಾವ ಬಾಗಿಲು ತೆರೆಯೋದಿಲ್ಲ ಅಂತ ಮೊದಲು ನೋಡಿಕೊಳ್ಳಿ. ಸೈಕಲ್ ಆಮೇಲೆ ಕೊಳ್ಳಿ.

ಇನ್ನು ಕ್ಯಾಲೆಂಡರ್. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಎರಡನೇ ಶನಿವಾರ ಯಾವಾಗಲೂ 8ರಿಂದ 14ನೇ ತಾರೀಕಿನೊಳಗೆ ಬರುತ್ತದೆ. ಅಷ್ಟೊತ್ತಿಗೆ ಪಗಾರ, ಪಿಂಚಣಿಯ ಗದ್ದಲ ಇಳಿದಿರುತ್ತದೆ. ನನ್ನ ಪ್ರವಾಸ ಎಲ್ಲ ಅದರಲ್ಲೇ. ನಾಲ್ಕನೇ ಶನಿವಾರ ಮನೆಗೆ, ಇದರಲ್ಲಿ ಚೌಕಾಸಿ ಇಲ್ಲ. ಮಾರ್ಚ್ ತಿಂಗಳಲ್ಲಿ ಸೈಕಲ್ ಬಗ್ಗೆ ಬಾಯಿ ಬಿಡೋದಿಲ್ಲ, ವರ್ಷದ ಲೆಕ್ಕ ಮುಗಿಯುವ ತಿಂಗಳು ಅದು. ವರ್ಷಕ್ಕೆ 12 ಸಿ.ಎಲ್. (ಸಾಂದರ್ಭಿಕ ರಜೆ). ಅದರಲ್ಲಿ ನಾಲ್ಕನ್ನಷ್ಟೇ ಸೈಕಲ್ಲಿಗೆ ಇಟ್ಟಿದ್ದೇನೆ. ಎರಡನೇ ಶನಿವಾರದ ಹಿಂದಿನ ಶುಕ್ರವಾರ ಹಬ್ಬದ ರಜೆ ಬಿದ್ದರೆ, ಗುರುವಾರಕ್ಕೆ ಒಂದು ಸಿ.ಎಲ್. ಹಾಕಿ. ನಾಲ್ಕು ದಿನ ಸಿಕ್ಕಿತು.

ಆದರೆ ಅಂಥ ರಜೆ ಎಲ್ಲರಿಗೂ ಬೇಕು. ನಮ್ಮ ಶಾಖೆಯಲ್ಲಿ ಇದು ಲೇವಾದೇವಿಯ ಹಾಗೆ. ಮೊದಲು ನಾನು ಕೊಡುತ್ತೇನೆ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಎಲ್ಲರ ಮನೆಗೂ ನೆಂಟರು. ಆ ವಾರ ನಾನು ರಜೆ ಕೇಳುವುದಿಲ್ಲ, ಬೇರೆಯವರ ಕೌಂಟರನ್ನೂ ನೋಡಿಕೊಳ್ಳುತ್ತೇನೆ. ನವೆಂಬರಿನಲ್ಲಿ ನಾನು ಕೇಳಿದಾಗ, "ಹೋಗಿ ಬರ್ರಿ ಅಕ್ಕಾರ, ನಾ ಅದೀನಿ" ಅನ್ನುವ ಹುಡುಗ ಸಿಗುತ್ತಾನೆ. ತಿಂಗಳು ಮುಂಚೆಯೇ ಹೇಳಿ. ಹುಷಾರಿಲ್ಲ ಅಂತ ಸುಳ್ಳು ಮಾತ್ರ ಬೇಡ. ಬಿಸಿಲಿಗೆ ಕಪ್ಪಾದ ಮುಖ ಹೊತ್ತು ಸೋಮವಾರ ಅಲ್ಲೇ ಕೂರಬೇಕಲ್ವಾ?

ಮನೆಯಲ್ಲಿ ಒಪ್ಪಿಸೋದು ಇದಕ್ಕಿಂತ ನಿಧಾನ. "ಬಸ್ ಐತಿ, ಗಾಡಿ ಐತಿ, ಸೈಕಲ್ ಯಾಕ ಬೇ ನಿನಗ?" ಅಂತ ಅತ್ತೆ ಎರಡು ವರ್ಷ ಕೇಳಿದರು. ನಾನು ವಾದಕ್ಕೆ ಹೋಗಲಿಲ್ಲ. ಮೊದಲ ಪ್ರವಾಸ ಹುಲಿಗಿಗೆ ಹಾಕಿಕೊಂಡೆ, ಹುಲಿಗೆಮ್ಮನ ಭಂಡಾರ ತಂದು ಕೈಗಿಟ್ಟೆ. ಈಗ ಹೊರಡುವ ಹಿಂದಿನ ದಿನ ಅವರೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟುತ್ತಾರೆ. ಸೈಕಲ್ ಮೇಲೆ ಹೋಗುವವರಿಗೆ ಇದಕ್ಕಿಂತ ಒಳ್ಳೆ ಬುತ್ತಿ ಇಲ್ಲ. ಹಗುರ, ನಾಲ್ಕು ದಿನ ಇಟ್ಟರೂ ಕೆಡಲ್ಲ. ಕತ್ತಲಾದ ಮೇಲೆ ಸೈಕಲ್ ಹೊಡೆಯಲ್ಲ ಅಂತ ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಉಳಿಯೋದು ಗೊತ್ತಿದ್ದವರ ಮನೆಯಲ್ಲಿ. ಬ್ಯಾಂಕಿನವರಿಗೆ ವರ್ಗಾವಣೆಯಿಂದ ಆಗುವ ಒಂದೇ ಲಾಭ ಅಂದರೆ ತಾಲೂಕಿಗೊಬ್ಬರು ಪರಿಚಯದವರು.

ಕಾಲಿಗೆ ಅಭ್ಯಾಸ ಬೇಕು ಅಂತ ಬೇರೆ ಸಮಯ ಹುಡುಕಬೇಡಿ, ಸಿಗಲ್ಲ. ನಾನು ದಿನಾ ಬ್ಯಾಂಕಿಗೆ ಸೈಕಲ್ಲಿನಲ್ಲೇ ಹೋಗುತ್ತೇನೆ. ವಾರಕ್ಕೆರಡು ದಿನ ಬೆಳಿಗ್ಗೆ ಐದಕ್ಕೆ ಎದ್ದು ಕಿನ್ನಾಳಕ್ಕೆ ಹೋಗಿ ಬರುತ್ತೇನೆ, ಸುಮಾರು 25 ಕಿ.ಮೀ. ಹೋಗಿ ಬಂದು ಮಗಳ ಡಬ್ಬಿ ಕಟ್ಟಲು ಹೊತ್ತು ಉಳಿಯುತ್ತದೆ.

ಮೊದಲ ಎರಡು ದಿನದ ಪ್ರವಾಸಕ್ಕೆ ಆನೆಗೊಂದಿ ಆರಿಸಿಕೊಳ್ಳಿ. ಹಿಟ್ನಾಳ, ಅಗಳಕೇರಾ, ಶಿವಪುರ, ಸಾಣಾಪುರ ಹಾದು ಹೋಗಿ. ಹೆಚ್ಚುಕಡಿಮೆ 40 ಕಿ.ಮೀ. ಒಣ ಎರೆಭೂಮಿ ಮುಗಿದು ತುಂಗಭದ್ರಾ ಎಡದಂಡೆ ಕಾಲುವೆ ಸಿಕ್ಕ ಕೂಡಲೇ ಗದ್ದೆ, ಬಾಳೆ, ತಣ್ಣನೆ ಗಾಳಿ. ಬೇಸಿಗೆಯಲ್ಲಿ ಅದೇ ದಾರಿಯ ಡಾಂಬರು ಕಾದ ಹಂಚು. ಏಪ್ರಿಲ್, ಮೇ ತಿಂಗಳಲ್ಲಿ ನಾನು ಬೆಳಿಗ್ಗೆ ಒಂಬತ್ತರ ನಂತರ ಪೆಡಲ್ ತುಳಿಯಲ್ಲ. ಮುಂದಿನ ಸಲ ಗಂಗಾವತಿ ಮೇಲೆ ಕನಕಗಿರಿ. ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತಾರೆ. ಸೈಕಲ್ ಮೇಲೆ ಕನಕಗಿರಿಗೆ ಹೋಗಲೂ ಕಾಲೇ ಬೇಕು, ಅದನ್ನು ಯಾರೂ ಹೇಳಲ್ಲ. ನಾಲ್ಕು ದಿನ ಸಿಕ್ಕಾಗ ನಾನು ಹೋಗಿದ್ದು ಮಸ್ಕಿಗೆ. ನಮ್ಮೂರಲ್ಲೇ ಗವಿಮಠ, ಪಾಲ್ಕಿಗುಂಡು ಎರಡೂ ಕಡೆ ಅಶೋಕನ ಶಾಸನ ಇದೆ. ಆದರೆ ಅವನ ಹೆಸರು ಬರೆದಿರೋದು 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಯಲ್ಲಿ. ಇಲ್ಲಿಂದ ಅಲ್ಲಿಗೆ ತುಳಿದುಕೊಂಡು ಹೋಗಿ ಆ ಹೆಸರು ನೋಡಬೇಕು ಅಂತ ಹಟ ಇತ್ತು.

ಗಾಳಿಯ ಲೆಕ್ಕ ಹಾಕದಿದ್ದರೆ ಮಾತ್ರ ಭಾನುವಾರ ಸಂಜೆ ಐದಕ್ಕೆ ಮನೆ ಸೇರಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು, ಹೊತ್ತೇರಿದಂತೆ ಇನ್ನೂ ಜೋರು. ಆಗ ಪಶ್ಚಿಮಕ್ಕಿರುವ ಊರಿಗೆ ಹೋಗಿ. ನಸುಕಿನಲ್ಲಿ ಎದುರುಗಾಳಿ ಕಮ್ಮಿ ಇರುವಾಗಲೇ ಇಟಗಿ ಮುಟ್ಟಿ. ಅಲ್ಲಿನ ಮಹಾದೇವ ದೇವಸ್ಥಾನ 1112ರದ್ದು, ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆಯುತ್ತದೆ. ಕಂಬಗಳ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡು, ಒಂದು ನಿದ್ದೆ ತೆಗೆದು ಹೊರಡಿ. ಬರುವಾಗ ಗಾಳಿಯೇ ಬೆನ್ನಿಗೆ ಕೈ ಕೊಡುತ್ತದೆ. ಮಳೆ ಬಿದ್ದರೆ ಹೊಲದ ದಾರಿಗೆ ಇಳಿಯಬೇಡಿ, ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರ ತಿರುಗೋದೇ ನಿಲ್ಲುತ್ತದೆ. ಸುಗ್ಗಿಯಲ್ಲಿ ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಸಿಕ್ಕರೆ ಇಳಿದು ತಳ್ಳಿ, ಜಾರುತ್ತದೆ.

ಸೈಕಲ್ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ನನ್ನದು ಸಾಧಾರಣ ಗೇರ್ ಸೈಕಲ್, 38 ಮಿ.ಮೀ. ಅಗಲದ ಟೈರು. ಕ್ಯಾರಿಯರಿನ ಎರಡೂ ಬದಿಗೆ ತೂಗುವ ಚೀಲವನ್ನು ತಾಡಪತ್ರಿಯಲ್ಲಿ ನಮ್ಮ ಓಣಿಯ ಟೇಲರ್ ಹೊಲಿದುಕೊಟ್ಟಿದ್ದು. ಚೂಡಿದಾರದ ಕಾಲಿಗೆ ಒಂದು ರಬ್ಬರ್ ಬ್ಯಾಂಡ್.

ತಲೆ ಕೆಡಿಸಿಕೊಳ್ಳಬೇಕಾದ್ದು ಬಳ್ಳಾರಿ ಜಾಲಿಯ ಬಗ್ಗೆ. ಈ ಸೀಮೆಯಲ್ಲಿ ಪಂಚರ್ ಅಂದರೆ ಅದರ ಮುಳ್ಳು. ನನ್ನ ಪಂಚರ್‌ಗಳಲ್ಲಿ ಬಹುಪಾಲು ಆಗಿರೋದು ಓಡುವಾಗಲ್ಲ, ನೆರಳಿಗೆ ಅಂತ ಡಾಂಬರು ಬಿಟ್ಟು ಕೆಳಗಿಳಿದಾಗ. ನಿಲ್ಲಬೇಕು ಅನಿಸಿದರೆ ಬೇವಿನ ಮರ ಹುಡುಕಿ. ಇಳಿಯಲೇಬೇಕಾದರೆ ಸೈಕಲ್ ಎತ್ತಿಕೊಂಡು ಇಳಿಯಿರಿ. ಎರಡು ಹೊಸ ಟ್ಯೂಬ್ ಜೊತೆಗಿರಲಿ. ದಾರಿಯಲ್ಲಿ ಟ್ಯೂಬ್ ಬದಲಿಸಿ, ಪ್ಯಾಚ್ ಹಚ್ಚೋದನ್ನು ಸಂಜೆಗೆ ಬಿಡಿ. ಸಲ್ಯೂಷನ್ ಒಮ್ಮೆ ಒಡೆದರೆ ಬೇಗ ಒಣಗುತ್ತದೆ, ಪ್ರತಿ ಪ್ರವಾಸಕ್ಕೂ ಹೊಸದು ತಗೊಳ್ಳಿ. ಮುಳ್ಳಿನ ತುದಿ ಟೈರಿನೊಳಗೆ ಮುರಿದು ಕೂತಿರುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಐದು ನಿಮಿಷಕ್ಕೆ ಮತ್ತೆ ಅದೇ ಕಥೆ. ಬೆರಳಿನಿಂದ ಹುಡುಕಿದರೆ ಚುಚ್ಚುತ್ತದೆ. ಒಂದು ಉಂಡೆ ಹತ್ತಿಯನ್ನು ಟೈರಿನ ಒಳಗೆ ಸುತ್ತಲೂ ಸವರಿ. ಮುಳ್ಳಿದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ.

ಭಾನುವಾರ ಸಂಜೆ ಚಹಾ ಕುಡಿದು ನಾನು ಮಾಡೋದೂ ಇದನ್ನೇ. ಅಂಗಳದಲ್ಲಿ ಸೈಕಲ್ ತಲೆಕೆಳಗೆ ನಿಲ್ಲಿಸಿ, ಚಕ್ರ ನಿಧಾನ ತಿರುಗಿಸುತ್ತಾ, ಟೈರಿಗೆ ಚುಚ್ಚಿದ್ದನ್ನೆಲ್ಲ ಸೂಜಿಯಿಂದ ಕೀಳುತ್ತೇನೆ. ಅತ್ತೆ ಟಾರ್ಚ್ ಹಿಡಿದು ಎಣಿಸುತ್ತಾರೆ. ಹೋದ ಸಲ ಏಳು. "ಇನ್ನೊಂದು ಐತಿ ನೋಡ ಬೇ, ಆ ಮಗ್ಗಲ" ಅಂದರು. ಇತ್ತು.