ಕಲಬುರಗಿಯ ಮೇ ಬಿಸಿಲಲ್ಲಿ ಓವರ್‌ಕ್ಲಾಕ್: 95ರಿಂದ 77 ಡಿಗ್ರಿಗೆ

ನನ್ನ ಕಂಪ್ಯೂಟರ್‌ನ ಪ್ರೊಸೆಸರ್ ರೈಸನ್ 5 5600ಎಕ್ಸ್. ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಮೇಲೇರಿಸಿ, ಎಲ್ಲ ಕೋರ್ 4.6 ಗಿಗಾಹರ್ಟ್ಸ್, 1.35 ವೋಲ್ಟ್‌ನಲ್ಲಿ ಓಡಿಸುತ್ತಿದ್ದೆ. ಚಳಿಗಾಲದಲ್ಲಿ 79 ಡಿಗ್ರಿ ದಾಟದಿದ್ದ ಅದರ ತಾಪ ಮೇ ತಿಂಗಳಲ್ಲಿ ಐದೇ ನಿಮಿಷಕ್ಕೆ 95 ಮುಟ್ಟಿ, ವೇಗ ತಾನಾಗಿ ಇಳಿಯುತ್ತಿತ್ತು. ಕೋಣೆಯೇ 39 ಡಿಗ್ರಿ. ಕೋಣೆ ಎಷ್ಟು ಏರುತ್ತದೋ ಪ್ರೊಸೆಸರ್ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ.

ಮೊದಲು ಹೀಟ್‌ಸಿಂಕ್ (ಪ್ರೊಸೆಸರ್ ಮೇಲೆ ಕೂತು ಶಾಖ ಹೊರಹಾಕುವ ಲೋಹದ ರೆಕ್ಕೆಗಳು) ಬಿಚ್ಚಿದೆ. ಇಲ್ಲಿ ಬಹಳ ಎಚ್ಚರ ಬೇಕು. ಎಎಂ4 ಸಾಕೆಟ್‌ನಲ್ಲಿ (ಈ ಪ್ರೊಸೆಸರ್ ಕೂರುವ ಜಾಗ) ಹೀಟ್‌ಸಿಂಕಿಗೆ ಶಾಖ ದಾಟಿಸುವ ಪೇಸ್ಟ್ ಒಣಗಿದ್ದರೆ, ನೇರ ಎಳೆದಾಗ ಪ್ರೊಸೆಸರೇ ಕಿತ್ತು ಬಂದು ಪಿನ್ನುಗಳು ಬಾಗಬಹುದು. ಹತ್ತು ನಿಮಿಷ ಪ್ರೊಸೆಸರ್‌ಗೆ ಭಾರಿ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿಯೇ ಎತ್ತಬೇಕು. ರೆಕ್ಕೆಗಳ ಸಂದಿಯಲ್ಲಿ ಧೂಳು ಕಪ್ಪು ಕೆಸರಿನಂತೆ ಗಟ್ಟಿಯಾಗಿತ್ತು: ಕಿಟಕಿಯ ಕೂಲರ್‌ನ ತೇವದ ಗಾಳಿ ನೇರ ಕ್ಯಾಬಿನೆಟ್‌ಗೆ ಬಡಿಯುತ್ತಿದ್ದುದರ ಫಲ. ಬ್ರಷ್‌ನಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಹಳೆ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಇಟ್ಟೆ. 89ಕ್ಕೆ ಇಳಿಯಿತು.

ದೊಡ್ಡ ಲಾಭ ಸಿಕ್ಕಿದ್ದು ವೋಲ್ಟೇಜ್‌ನಲ್ಲಿ. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 4.4 ಗಿಗಾಹರ್ಟ್ಸ್, 1.2 ವೋಲ್ಟ್ ಇಟ್ಟಾಗ ಶಾಖ ಸುಮಾರು ಕಾಲುಭಾಗ ತಗ್ಗಿ, 77ಕ್ಕೆ ನಿಂತಿತು. ಕಳೆದುಕೊಂಡ ವೇಗ ಶೇ 5ಕ್ಕೂ ಕಡಿಮೆ. ಪ್ರೊಸೆಸರ್‌ಗೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶವನ್ನು ಒಂದು ಗಂಟೆ ಓಡಿಸಿ ನೋಡಿ. ತಪ್ಪು ತೋರಿಸಿದರೆ 0.0125 ವೋಲ್ಟ್‌ನಂತೆ ಏರಿಸುತ್ತಾ ಹೋಗಿ. ಕಿಟಕಿಯ ಕೂಲರ್ ಮುಖ ಮಾತ್ರ ಕ್ಯಾಬಿನೆಟ್ ಬಿಟ್ಟು ಬೇರೆ ಕಡೆ ತಿರುಗಿರಲಿ.