ಹುದ್ದೆ ಹಿಡಿದರೆ ಮೇಷ್ಟ್ರು ಸಿಗುತ್ತಾರೆ: ಮಹಾರಾಜಾ ಕಾಲೇಜಿನ ಪಟ್ಟಿ ಕೂರಿಸಿದ ಬಗೆ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1916ರಿಂದ 1930ರವರೆಗೆ ಯಾವ ವಿಭಾಗದಲ್ಲಿ ಯಾವ ವರ್ಷ ಯಾರು ಪಾಠ ಹೇಳಿದರು ಅನ್ನುವ ಪಟ್ಟಿ ಕೊನೆಗೂ ಕೂತಿದೆ. ಹಳೆಯ ಹಾಜರಿ ಪುಸ್ತಕ ಕೈಗೆ ಸಿಗದೆ ಇದು ಆಗುವ ಕೆಲಸವಲ್ಲ ಅಂದವರು ಒಬ್ಬಿಬ್ಬರಲ್ಲ. ಆಗಿದೆ. ಹದಿನಾಲ್ಕು ಕಾಲಂ, ಅರವತ್ತು ಚಿಲ್ಲರೆ ಸಾಲು. ಖಾಲಿ ಉಳಿದ ಮನೆಗಳು ನೂರಕ್ಕೆ ಏಳೋ ಎಂಟೋ. ಕ್ಯಾಲೆಂಡರ್ (ವಿಶ್ವವಿದ್ಯಾನಿಲಯ ಅಚ್ಚು ಹಾಕಿಸುತ್ತಿದ್ದ ಕೈಪಿಡಿ, ಅಧ್ಯಾಪಕರ ಪಟ್ಟಿ ಇರುವುದು ಇದರಲ್ಲೇ), ಗೆಜೆಟ್ (ನೇಮಕ, ವರ್ಗಾವಣೆ ಪ್ರಕಟವಾಗುತ್ತಿದ್ದ ಸರ್ಕಾರಿ ಪತ್ರಿಕೆ), ವಾರ್ಷಿಕ ವರದಿ ಎಲ್ಲಿ ಸಿಗುತ್ತವೆ, ಹೇಗೆ ಓದಬೇಕು ಅನ್ನುವುದು ಈ ಕೆಲಸಕ್ಕೆ ಕೈ ಹಾಕಿದವರಿಗೆ ಗೊತ್ತೇ ಇರುತ್ತದೆ. ಎಲ್ಲಿ ಕೆಟ್ಟಿತು, ಎಷ್ಟು ದುಡ್ಡು ಹೋಯಿತು, ಯಾವುದು ಹಿಡಿಯಿತು, ಅಷ್ಟನ್ನು ಬರೆಯುತ್ತೇನೆ.

ಮೊದಲ ಪಟ್ಟಿ ಕೆಟ್ಟದ್ದು ಹೆಸರುಗಳಿಂದ. ಎಲ್ಲರೂ ಮಾಡುವ ಹಾಗೆ ಒಬ್ಬೊಬ್ಬ ಅಧ್ಯಾಪಕರಿಗೆ ಒಂದೊಂದು ಸಾಲು ಕೊಟ್ಟಾಗ ಇನ್ನೂರಕ್ಕೂ ಮೇಲೆ ಹೆಸರು ಬಂತು. ಅಷ್ಟು ಜನ ಅಲ್ಲಿ ಇರಲು ಸಾಧ್ಯವೇ ಇಲ್ಲ. ಶ್ರೀಕಂಠಯ್ಯ ಅನ್ನುವ ಒಂದೇ ಹೆಸರಿಗೆ ಇಂಗ್ಲಿಷ್ ಅಚ್ಚಿನಲ್ಲಿ ನಾಲ್ಕೈದು ಕಾಗುಣಿತ. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಕುವೆಂಪು ಅಂತ ಹುಡುಕಿದರೆ ಸರ್ಕಾರಿ ಕಾಗದದಲ್ಲಿ ಸೊನ್ನೆ, ಅಲ್ಲಿರುವವರು ಕೆ.ವಿ. ಪುಟ್ಟಪ್ಪ. ಇದಕ್ಕಿಂತ ಕೆಟ್ಟ ಕಾಟ ಕಂಪ್ಯೂಟರಿನದು. 'ರಾಧಾ' ಅಂತ ಹೊಡೆದರೆ ಮುಂದಿನದನ್ನು ಸ್ಪ್ರೆಡ್‌ಶೀಟು ತಾನೇ ತುಂಬುತ್ತದೆ. ಫಿಲಾಸಫಿಯ ಎಸ್. ರಾಧಾಕೃಷ್ಣನ್ 1918ರಲ್ಲಿ ಬಂದು 1921ರಲ್ಲಿ ಕಲ್ಕತ್ತೆಗೆ ಹೋದವರು. ಹಿಸ್ಟರಿಯ ರಾಧಾಕುಮುದ ಮುಖರ್ಜಿ 1917ರಲ್ಲಿ ಬಂದು ಅದೇ 1921ರಲ್ಲಿ ಲಖ್ನೋಗೆ ಹೋದವರು. ಇಬ್ಬರ ಸಾಲೂ ಕಲೆಸಿಹೋಗಿ, ಬಿಡಿಸಲು ಒಂದು ವಾರ ಹಿಡಿಯಿತು. ಆಟೋಫಿಲ್ ಆಫ್ ಮಾಡದೆ ಇಂಥ ಶೀಟು ತೆರೆಯಬೇಡಿ.

ಆಮೇಲೆ ಮಾಡಿದ ಬದಲಾವಣೆ ಇಷ್ಟೇ: ಸಾಲು ಮನುಷ್ಯರದಲ್ಲ, ಹುದ್ದೆಯದು. ಫಿಲಾಸಫಿ ಪ್ರೊಫೆಸರ್ ಒಂದು, ಎರಡು, ಇಂಗ್ಲಿಷ್ ಪ್ರೊಫೆಸರ್, ಅಸಿಸ್ಟೆಂಟ್ ಪ್ರೊಫೆಸರ್, ಲೆಕ್ಚರರ್, ಟ್ಯೂಟರ್, ಪಂಡಿತ. ಮೇಷ್ಟ್ರು ರಜೆ ಹಾಕುತ್ತಾರೆ, ವರ್ಗವಾಗುತ್ತಾರೆ, ಬಿಟ್ಟು ಹೋಗುತ್ತಾರೆ. ಹುದ್ದೆಗೆ ಸಂಬಳ ಮಂಜೂರಾಗಿರುತ್ತದೆ, ಅದು ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ. ಒಂದು ಮನೆ ಖಾಲಿ ಬಿತ್ತು ಅಂದರೆ ಯಾವ ವರ್ಷದ, ಯಾವ ಹುದ್ದೆಯ ಗೆಜೆಟ್ ನೋಟಿಫಿಕೇಷನ್ ಹುಡುಕಬೇಕು ಅಂತ ಅದೇ ಹೇಳಿಕೊಡುತ್ತದೆ. ಪ್ರತಿ ಮನೆಯಲ್ಲಿ ಹೆಸರಿನ ಜೊತೆ ಆಧಾರದ ಗುರುತು: ಕ್ಯಾಲೆಂಡರಿಗೆ 'ಕ್ಯಾ', ಗೆಜೆಟ್ಟಿಗೆ 'ಗೆ', ವರದಿಗೆ 'ವ'. ಬಣ್ಣ ಮೂರು: ಖಾಯಂ, ಹಂಗಾಮಿ, ಪ್ರಭಾರ. 'ಕ್ಯಾ' ಒಂದೇ ಇರುವ ಮನೆಯನ್ನು ಭರ್ತಿಯಾಯಿತು ಅಂತ ಲೆಕ್ಕ ಹಿಡಿಯುವಂತಿಲ್ಲ. ಕ್ಯಾಲೆಂಡರ್ ಅಚ್ಚಿಗೆ ಹೋದ ಮೇಲೆ ಬಿಟ್ಟು ಹೋದವರು ಅದರಲ್ಲಿ ಇನ್ನೂ ಪಾಠ ಹೇಳುತ್ತಲೇ ಇರುತ್ತಾರೆ.

ವರ್ಷದ ಲೆಕ್ಕವೂ ಹಾಗೇ ಕಾಡುತ್ತದೆ. ಮೈಸೂರು ಸಂಸ್ಥಾನದ ಆಡಳಿತದ ವರ್ಷ ಜುಲೈಯಿಂದ ಜೂನ್. ವರದಿಯಲ್ಲಿ 1920–21 ಅಂತ ಇದ್ದರೆ ಅದು 1920ರ ಜುಲೈ 1ರಿಂದ 1921ರ ಜೂನ್ 30. ಗೆಜೆಟ್ಟಿನ ತಾರೀಖನ್ನು ಜನವರಿ–ಡಿಸೆಂಬರ್ ಕಾಲಂಗೆ ಹಾಕಿದ್ದರಿಂದ ಮೊದಲ ಶೀಟಿನಲ್ಲಿ ಅರ್ಧದಷ್ಟು ಜನ ಒಂದು ಮನೆ ಪಕ್ಕಕ್ಕೆ ಕೂತಿದ್ದರು. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ಕ್ಕೆ, ವರ್ಷದ ತಲೆಯಲ್ಲೇ. ಹಾಗಾಗಿ ಮೊದಲ ಕಾಲಂ 1916–17 ಅಂತ ಇಟ್ಟರೆ ತಕರಾರಿಲ್ಲ. ಅದಕ್ಕೂ ಹಿಂದಿನದು ಬೇಕಾದವರು ಮದ್ರಾಸ್ ವಿಶ್ವವಿದ್ಯಾಲಯದ ಕ್ಯಾಲೆಂಡರಿಗೆ ಹೋಗಬೇಕು, ಆಗ ಕಾಲೇಜು ಅದರ ಅಡಿಯಲ್ಲಿತ್ತು.

ವಿಭಾಗದ ತಲೆಬರಹ ಇವತ್ತಿನದನ್ನು ಇಟ್ಟರೆ ಕೆಟ್ಟಿತು. ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಹತ್ತಿರ ಓದಿ ಬಂದ ಮೇಲೆ 1924ರಲ್ಲಿ ಮನಶ್ಶಾಸ್ತ್ರ ವಿಭಾಗವಾಯಿತು. ಅದಕ್ಕೆ ಹಿಂದಿನ ಕಾಲಂಗಳಲ್ಲಿ ಆ ತಲೆಬರಹಕ್ಕೆ ಜಾಗವಿಲ್ಲ. ವಿಷಯ ಫಿಲಾಸಫಿಯವರ ಮಡಿಲಲ್ಲಿತ್ತು. (ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು 1935ರಲ್ಲಿ 'ಆಕಾಶವಾಣಿ' ಶುರು ಮಾಡಿದವರೂ ಇವರೇ. ಅದು ಪಟ್ಟಿಗೆ ಬೇಡದ ಮಾತು, ಆದರೆ ಬಿಡಲು ಮನಸ್ಸಾಗಲಿಲ್ಲ.) ಕನ್ನಡದ್ದು ಇನ್ನೂ ಸೂಕ್ಷ್ಮ. ಕನ್ನಡ ಎಂ.ಎ. ಬಂದದ್ದು 1927ರಲ್ಲಿ, ಟಿ.ಎಸ್. ವೆಂಕಣ್ಣಯ್ಯನವರ ಕಾಲಕ್ಕೆ. ಪುಟ್ಟಪ್ಪನವರು ಆ ಮೊದಲ ತಂಡದಲ್ಲಿ ಓದಿ 1929ರಲ್ಲಿ ಅಲ್ಲೇ ಅಧ್ಯಾಪಕರಾದರು. ಅದಕ್ಕೆ ಮುಂಚಿನ ಕನ್ನಡ ಪಂಡಿತರು ಪುಟದ ತಳದಲ್ಲಿ, ಹೆಸರಿನ ಮುಂದೆ ಡಿಗ್ರಿ ಇಲ್ಲದೆ, ಸಣ್ಣ ಅಚ್ಚಿನಲ್ಲಿ ಇರುತ್ತಾರೆ. ಸ್ಕ್ಯಾನ್ ಮಾಡುವವರು ಪುಟದ ತಳ ಕತ್ತರಿಸಿದರೆ ಒಂದು ಭಾಷೆಯ ಮೇಷ್ಟ್ರುಗಳೇ ಮಾಯ. ನಾಲ್ಕು ವರ್ಷದ ಪುಟಗಳಲ್ಲಿ ಹೀಗೇ ಆಗಿತ್ತು. ಮತ್ತೆ ಹೋಗಿ ಫೋಟೋ ತೆಗೆಯಬೇಕಾಯಿತು.

ಸಾಲು ಬಿಟ್ಟು ಹಾರುವವರು ಬೇರೆ. ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದವರು ನಡುವೆ ರಿಜಿಸ್ಟ್ರಾರ್, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಎನ್.ಎಸ್. ಸುಬ್ಬರಾಯರು ಎಕನಾಮಿಕ್ಸ್ ಪ್ರೊಫೆಸರೂ ಹೌದು, ಪ್ರಿನ್ಸಿಪಾಲರೂ ಹೌದು. ಎಂ.ಎಚ್. ಕೃಷ್ಣ ಹಿಸ್ಟರಿಯಲ್ಲೂ ಇದ್ದಾರೆ, ಪುರಾತತ್ತ್ವ ಇಲಾಖೆಯ ತಲೆಯಲ್ಲೂ ಇದ್ದಾರೆ. ಹುದ್ದೆಯ ಸಾಲು ಇದ್ದರೆ ಒಬ್ಬರ ಹೆಸರು ಎರಡು ಕಡೆ ಬಂದರೂ ತೊಂದರೆಯಿಲ್ಲ. ಹೆಸರಿನ ಸಾಲಾಗಿದ್ದರೆ ಇಲ್ಲೇ ಶೀಟು ಬಿದ್ದುಹೋಗುತ್ತಿತ್ತು. ಹಿರಿಯಣ್ಣನವರ ಸಾಲು ಒಂದೇ ಸುಖ: ಸಂಸ್ಕೃತ, 1927ರಲ್ಲಿ ನಿವೃತ್ತಿ, ಮುಗಿಯಿತು.

ದುಡ್ಡಿನ ಮಾತು. ಒಟ್ಟು ಮೂವತ್ತೆಂಟು ಸಾವಿರದ ಹತ್ತಿರ. ಅದರಲ್ಲಿ ಆರು ಸಾವಿರ ಓಸಿಆರ್ (ಅಚ್ಚಿನ ಪುಟವನ್ನು ಕಂಪ್ಯೂಟರಿನಿಂದ ಓದಿಸುವುದು) ಮಾಡಿಸಿದ್ದಕ್ಕೆ, ಪೂರಾ ನೀರುಪಾಲು. ಸ್ಟಾಫ್ ಪುಟದಲ್ಲಿ ಎಡಕ್ಕೆ ಹುದ್ದೆ, ಬಲಕ್ಕೆ ಹೆಸರು, ನಡುವೆ ಚುಕ್ಕಿಗಳ ಸಾಲು. ಒಂದೇ ಹುದ್ದೆಯ ಇಬ್ಬರನ್ನು ಸೇರಿಸಲು ಬಾಗಿದ ಬ್ರಾಕೆಟ್ಟು. ಚುಕ್ಕಿಯನ್ನು ಅಕ್ಷರ ಅಂತ ಓದಿ, ಬ್ರಾಕೆಟ್ಟನ್ನು ನುಂಗಿ, ಲೆಕ್ಚರರ್‌ಗಳನ್ನೆಲ್ಲ ಪ್ರೊಫೆಸರ್ ಮಾಡಿಟ್ಟಿತ್ತು. ಕೊನೆಗೆ ಕೈಯಲ್ಲೇ ಬರೆದದ್ದು. ಒಂದು ಕ್ಯಾಲೆಂಡರಿಗೆ ಮುಕ್ಕಾಲು ಗಂಟೆ. ಹಳೆಯ ಕ್ಯಾಲೆಂಡರ್ ಎರಡನ್ನು ಕೊಂಡದ್ದಕ್ಕೆ ಮೂರು ಸಾವಿರ ಚಿಲ್ಲರೆ, ಅದರಲ್ಲಿ ಒಂದಕ್ಕೆ ಸ್ಟಾಫ್ ಪುಟಗಳೇ ಇರಲಿಲ್ಲ. ದುಡ್ಡು ಕೊಡುವ ಮೊದಲು ಆ ಪುಟಗಳ ಫೋಟೋ ತರಿಸಿಕೊಳ್ಳಿ. ಉಳಿದದ್ದು ಜೆರಾಕ್ಸು, ರೈಲು, ಊಟ.

ನಡುವೆ ಗ್ರೂಪ್ ಫೋಟೋಗಳ ಹಿಂದೆ ಬಿದ್ದು ಒಂದು ತಿಂಗಳು ಹೋಯಿತು. ಪ್ರಿನ್ಸಿಪಾಲರು ಮಧ್ಯದ ಕುರ್ಚಿಯಲ್ಲಿ, ಅಲ್ಲಿಂದ ಎಡಕ್ಕೊಬ್ಬರು ಬಲಕ್ಕೊಬ್ಬರು ಸೀನಿಯಾರಿಟಿ ಪ್ರಕಾರ ಅಂತ ಊಹಿಸಿ ಎಂಟು ಫೋಟೋಗಳಿಗೆ ಹೆಸರು ಹಚ್ಚಿ ನೋಡಿದೆ. ರಟ್ಟಿನ ಮೇಲಿನ ಹೆಸರಿಗೆ ತಾಳೆಯಾದದ್ದು ಐದು. ಅತಿಥಿಯೊಬ್ಬರು ನಡುವೆ ಕೂತರೆ ಲೆಕ್ಕವೆಲ್ಲ ತಲೆಕೆಳಗು. ಹಿಂಬದಿಯ ಪೆನ್ಸಿಲ್ ಬರಹಕ್ಕೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ರಟ್ಟಿಗೆ ಹೆಚ್ಚುಕಡಿಮೆ ಒರಗಿಸಿ ಬೆಳಕು ಬಿಟ್ಟರೆ ಒತ್ತಿದ ಗೆರೆ ನೆರಳಾಗಿ ಏಳುತ್ತದೆ. ಮಾಸಿದ ಶಾಯಿಗೆ ಇದು ನಡೆಯುವುದಿಲ್ಲ; ಫೋಟೋದ ನೀಲಿ ಚಾನೆಲ್ (ಮೂರು ಬಣ್ಣದ ಪದರಗಳಲ್ಲಿ ನೀಲಿಯದು) ಮಾತ್ರ ಇಟ್ಟುಕೊಂಡರೆ ಕೆಲವು ಸಲ ಓದಬಹುದು, ಕಾಗದವೇ ಹಳದಿಯಾಗಿದ್ದರೆ ಅದೂ ಕಷ್ಟ. ತಾರೀಖಿಲ್ಲದ ಪಟ್ಟಿಗೆ ಬಿರುದು ಒಳ್ಳೆಯ ಗೂಟ: ಬಿ.ಎಂ.ಶ್ರೀ ಹೆಸರಿನ ಹಿಂದೆ 'ರಾಜಸೇವಾಸಕ್ತ' ಇದ್ದರೆ ಅದು 1938ಕ್ಕಿಂತ ಹಿಂದಿನದಲ್ಲ.

ಒಂದೇ ಇನಿಷಿಯಲ್, ಒಂದೇ ಹೆಸರಿನ ಇಬ್ಬರು ಲೆಕ್ಚರರ್‌ಗಳನ್ನು ಬಿಡಿಸಲು ಒಂದು ಕಾಗದವಿದೆ. ಹಳೆಯ ಕಾಲೇಜುಗಳಲ್ಲಿ ಕಟ್ಟು ಕಟ್ಟಿ ಇಟ್ಟಿರುತ್ತಾರೆ, ಯಾರೂ ಕೇಳುವುದಿಲ್ಲ. ಅದರ ಹೆಸರು ಮಾತ್ರ 1945ರವರೆಗಿನ ಪಟ್ಟಿ ಮುಗಿಯುವ ತನಕ ನನ್ನ ಹತ್ತಿರವೇ ಇರಲಿ.

ಇದೇ ಶೀಟನ್ನು ಸೆಂಟ್ರಲ್ ಕಾಲೇಜಿಗೆ ಹಾಕಿ ನೋಡಿದೆ, ಕೂರಲಿಲ್ಲ. ವಿಜ್ಞಾನವೆಲ್ಲ ಅಲ್ಲಿಗೆ ಹೋಗಿದ್ದರಿಂದ ಲ್ಯಾಬಿನ ಡೆಮಾನ್‌ಸ್ಟ್ರೇಟರ್ ಸಾಲುಗಳು ಬೇರೆಯೇ ಬೇಕು. ಆ ಹುದ್ದೆಯಲ್ಲಿ ಒಂದು ವರ್ಷ ಇದ್ದವರು ಮರುವರ್ಷ ಇರುವುದು ಅಪರೂಪ.