ಮರ್ಜ್ ಕಾನ್‌ಫ್ಲಿಕ್ಟ್ ಬಂದರೆ ಯಾವ ಬದಿಯನ್ನೂ ಕುರುಡಾಗಿ ಅಳಿಸಬೇಡಿ

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುವ ತಂಡಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಬ್ರಾಂಚ್‌ಗಳನ್ನು, ಅಂದರೆ ಕೋಡಿನ ಕವಲುಗಳನ್ನು, ಕೂಡಿಸುವಾಗ (ಮರ್ಜ್). ಒಂದೇ ಸಾಲನ್ನು ಇಬ್ಬರು ಬೇರೆ ಬೇರೆಯಾಗಿ ಬದಲಿಸಿದಾಗ ಬರುವ ಕಾನ್‌ಫ್ಲಿಕ್ಟ್ ಎಂಬ ಸೂಚನೆ ಕಂಡೊಡನೆ ಗಾಬರಿಬಿದ್ದು, ಎಡಿಟರ್ ತೋರಿಸುವ ಮೊದಲ ಗುಂಡಿಯನ್ನೇ ಒತ್ತಿ, ಸಹೋದ್ಯೋಗಿಯ ದುಡಿಮೆಯನ್ನು ಅಳಿಸಿಹಾಕುವವರನ್ನು ಬಹಳ ಕಂಡಿದ್ದೇನೆ.

ಆರಂಭ ಸುಲಭ. ತಂಡದ ಮುಖ್ಯ ಕವಲಾದ ಮೇನ್ ಬ್ರಾಂಚನ್ನು ಸರ್ವರ್‌ನಿಂದ ಪುಲ್ ಮಾಡಿ, ‘ಗಿಟ್ ಸ್ವಿಚ್ -ಸಿ’ ಕೊಟ್ಟು ಹೊಸ ಬ್ರಾಂಚ್ ತೆರೆಯಿರಿ. ಹಳೆಯ ಚೆಕ್‌ಔಟ್ ಆದೇಶ ಬ್ರಾಂಚ್ ಬದಲಿಸುವುದರ ಜೊತೆಗೆ ಫೈಲಿನ ಬದಲಾವಣೆಗಳನ್ನೂ ಅಳಿಸಬಲ್ಲದು. 2019ರಲ್ಲಿ ಸ್ವಿಚ್ ಬಂದ ಮೇಲೆ ಅದರ ಹಂಗೇಕೆ?

ಒಂದು ಕಮಿಟ್‌ಗೆ, ಅಂದರೆ ಗಿಟ್‌ನಲ್ಲಿ ಒಮ್ಮೆ ದಾಖಲಿಸುವ ಬದಲಾವಣೆಗೆ, ಒಂದೇ ವಿಷಯ. ಎಲ್ಲವನ್ನೂ ಒಟ್ಟಿಗೆ ಸೇರಿಸದೆ ‘ಗಿಟ್ ಆಡ್ -ಪಿ’ ಬಳಸಿ, ತುಣುಕು ತುಣುಕಾಗಿ ನೋಡಿ ಒಪ್ಪಿಕೊಳ್ಳಿ. ಸಂದೇಶದಲ್ಲಿ ಏಕೆ ಬದಲಿಸಿದಿರಿ ಎಂಬುದಿರಲಿ. ‘ಅಪ್‌ಡೇಟ್’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ.

ಇನ್ನು ಕಾನ್‌ಫ್ಲಿಕ್ಟ್. ಮರ್ಜ್ ಮಾಡುವ ಮೊದಲೇ ‘ಮರ್ಜ್.ಕಾನ್‌ಫ್ಲಿಕ್ಟ್‌ಸ್ಟೈಲ್’ ಎಂಬ ಸೆಟ್ಟಿಂಗನ್ನು ‘ಡಿಫ್3’ ಎಂದು ಬದಲಿಸಿಕೊಳ್ಳಿ. ಆಗ ಎರಡು ಬದಿಗಳ ನಡುವೆ ಮೂಲ ಸಾಲೂ ಕಾಣಿಸುತ್ತದೆ. ಇದಿಲ್ಲದೆ ಕಾನ್‌ಫ್ಲಿಕ್ಟ್ ಬಿಡಿಸಲು ಕೂರಲೇಬೇಡಿ. ಬಿಲ್ಲಿನ ಲೆಕ್ಕವೊಂದನ್ನು ನೋಡಿ:

ನಿಮ್ಮದು: ಒಟ್ಟು = ಬೆಲೆ * ಸಂಖ್ಯೆ - ರಿಯಾಯಿತಿ
ಮೂಲ: ಒಟ್ಟು = ಬೆಲೆ * ಸಂಖ್ಯೆ
ಅವರದು: ಒಟ್ಟು = ರೌಂಡ್(ಬೆಲೆ * ಸಂಖ್ಯೆ)

ಮೂಲದೊಂದಿಗೆ ಹೋಲಿಸಿದರೆ ನೀವು ರಿಯಾಯಿತಿ ಕಳೆದಿದ್ದೀರಿ, ಅವರು ಪೈಸೆಯನ್ನು ರೂಪಾಯಿಗೆ ಹೊಂದಿಸಿದ್ದಾರೆ. ಯಾವುದೇ ಒಂದನ್ನು ಆರಿಸಿದರೂ ಬಿಲ್ ತಪ್ಪು. ಬರೆಯಬೇಕಾದದ್ದು ಎರಡರಲ್ಲೂ ಇಲ್ಲದ ಸಾಲು: ರೌಂಡ್(ಬೆಲೆ * ಸಂಖ್ಯೆ - ರಿಯಾಯಿತಿ). ಅವರ ಉದ್ದೇಶ ತಿಳಿಯದಿದ್ದರೆ ‘ಗಿಟ್ ಲಾಗ್ --ಮರ್ಜ್’ ಕೊಡಿ. ಆ ಫೈಲನ್ನು ಮುಟ್ಟಿದ ಎರಡೂ ಕಡೆಯ ಕಮಿಟ್‌ಗಳು ಬರುತ್ತವೆ. ಆಗಲೂ ಅರ್ಥವಾಗದಿದ್ದರೆ ಬರೆದವರನ್ನೇ ಕೇಳಿ. ದಾರಿ ತಪ್ಪಿದೆ ಎನಿಸಿದರೆ ‘ಗಿಟ್ ಮರ್ಜ್ --ಅಬಾರ್ಟ್’ ನಿಮ್ಮನ್ನು ಮರ್ಜ್‌ಗೆ ಮುಂಚಿನ ಸ್ಥಿತಿಗೆ ಒಯ್ಯುತ್ತದೆ. ಅದಕ್ಕಾಗಿಯೇ ಕೈಯಲ್ಲಿರುವ ಕೆಲಸವನ್ನೆಲ್ಲ ಮೊದಲೇ ಕಮಿಟ್ ಮಾಡಿರಬೇಕು.

ರಿಬೇಸ್ ಮಾಡುವವರು, ಅಂದರೆ ತಮ್ಮ ಕಮಿಟ್‌ಗಳನ್ನು ಬೇರೊಂದು ಬ್ರಾಂಚಿನ ತುದಿಯ ಮೇಲೆ ಮತ್ತೆ ಕೂರಿಸುವವರು, ವಿಶೇಷವಾಗಿ ಗಮನಿಸಿ: ಅಲ್ಲಿ ‘ಅವರ್ಸ್’ (ನಮ್ಮದು) ಎಂದರೆ ನೀವು ಯಾವುದರ ಮೇಲೆ ಕೂರುತ್ತಿದ್ದೀರೋ ಆ ಬ್ರಾಂಚ್, ನಿಮ್ಮ ಕೆಲಸ ‘ದೇರ್ಸ್’ (ಅವರದು) ಆಗಿರುತ್ತದೆ. ಹೆಸರು ನಂಬಿ ಆರಿಸಿದರೆ ಸ್ವಂತ ಕೋಡೇ ಹೋಗುತ್ತದೆ.

ಕಾನ್‌ಫ್ಲಿಕ್ಟ್ ತೋರಿಸಲು ಗಿಟ್ ಹಾಕುವ ಗುರುತಿನ ಸಾಲುಗಳು ಹೋದವೆಂದರೆ ಕೆಲಸ ಮುಗಿದಂತಲ್ಲ, ಟೆಸ್ಟ್ ಓಡಿಸಿ. ಒಬ್ಬರು ಫಂಕ್ಷನ್ ಹೆಸರು ಬದಲಿಸಿ, ಇನ್ನೊಬ್ಬರು ಬೇರೆ ಫೈಲಿನಲ್ಲಿ ಹಳೆಯ ಹೆಸರನ್ನೇ ಕರೆದಿದ್ದರೆ ಗಿಟ್ ತುಟಿ ಬಿಚ್ಚುವುದಿಲ್ಲ. ಆಮೇಲೆ ಆಡ್, ಕಮಿಟ್, ಪುಶ್ (ಸರ್ವರ್‌ಗೆ ಕಳಿಸುವುದು). ರಿಬೇಸ್ ಆಗಿದ್ದರೆ ಬರೀ ‘--ಫೋರ್ಸ್’ ಬೇಡ, ‘--ಫೋರ್ಸ್-ವಿತ್-ಲೀಸ್’ ಕೊಡಿ. ನಿಮ್ಮ ಕಂಪ್ಯೂಟರಿಗೆ ಇನ್ನೂ ಬಂದಿರದ ಕಮಿಟ್ ಸರ್ವರ್‌ನಲ್ಲಿದ್ದರೆ ಅದು ಪುಶ್ ಅನ್ನು ತಡೆಯುತ್ತದೆ.